ಎಂಟು ತಿಂಗಳ ಕೂಸು ರಾತ್ರಿ ಯಾಕೆ ಏಳುತ್ತೆ?

ಬೇಗೂರಿನ ಪಿಜಿಗಳಲ್ಲಿರೋ ನಮ್ಮಲ್ಲಿ ಹಲವರಿಗೆ ಪಕ್ಕದ ಮನೆ ಮಗುವಿನ ನಡುರಾತ್ರಿಯ ಅಳು ಚೆನ್ನಾಗಿ ಗೊತ್ತು. ಅಷ್ಟು ದಿನ ಚೆನ್ನಾಗಿ ಮಲಗುತ್ತಿದ್ದ ಕೂಸು ಎಂಟನೇ ತಿಂಗಳಿಗೆ ಮತ್ತೆ ಮತ್ತೆ ಏಳೋಕೆ ಶುರು ಮಾಡಿದರೆ ಅಜ್ಜಿ ದೃಷ್ಟಿ ಆಗಿದೆ ಅಂತಾರೆ, ಪಕ್ಕದವರು ಹಲ್ಲು ಬರ್ತಿದೆ ಅಂತಾರೆ. ಕೊನೆಗೆ ಮಾತು ಬರೋದು ತಾಯಿಯ ಮೇಲೆ. ಆದರೆ ಬಹುತೇಕ ಸಲ ಇದು ಯಾರ ತಪ್ಪೂ ಅಲ್ಲ.

ಮೊದಲು ನಿದ್ದೆಯ ಲೆಕ್ಕ ನೋಡೋಣ. ದೊಡ್ಡವರ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತೆ. ಕೂಸಿನ ಸುತ್ತು ಸುಮಾರು 50-60 ನಿಮಿಷ. ಸುತ್ತು ಮುಗಿದಾಗ ಎಲ್ಲರಿಗೂ ಅರೆ ಎಚ್ಚರ ಆಗಬಹುದು. ನಾವು ಮಗ್ಗುಲು ಬದಲಿಸಿ ಮಲಗ್ತೀವಿ. ಹಾಲು ಕುಡೀತಾ, ತೊಟ್ಟಿಲು ತೂಗಿಸಿಕೊಂಡು ಮಲಗಿದ ಕೂಸು ಎಚ್ಚರವಾದಾಗಲೂ ಅದನ್ನೇ ಹುಡುಕುತ್ತೆ. ಜೊತೆಗೆ ನಿದ್ದೆಯ ಒತ್ತಡ ನಮ್ಮ ಕೆಪಾಸಿಟರ್ ಇದ್ದಂಗೆ: ಎಚ್ಚರವಿದ್ದಾಗ ಚಾರ್ಜ್, ಮಲಗಿದಾಗ ಡಿಸ್ಚಾರ್ಜ್. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಮುಂದಿಟ್ಟ ಮಾದರಿಯ ಒಂದು ಭಾಗ ಇದೇ. ಅರ್ಧ ರಾತ್ರಿ ಕಳೆದ ಮೇಲೆ ಒತ್ತಡ ಇಳಿದಿರುತ್ತೆ, ಎಚ್ಚರ ಸುಲಭ.

ಎರಡನೆಯದು ಬೆಳವಣಿಗೆ. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಅನ್ನೋ ಅರಿವು ಸುಮಾರು ಎಂಟು ತಿಂಗಳಿಗೆ ಗಟ್ಟಿಯಾಗುತ್ತೆ ಅಂದವರು ಜೀನ್ ಪಿಯಾಜೆ. ಅಮ್ಮ ಎಲ್ಲೋ ಇದ್ದಾಳೆ ಅಂತ ಗೊತ್ತು, ಯಾವಾಗ ಬರ್ತಾಳೆ ಅಂತ ಗೊತ್ತಿಲ್ಲ. ಅದಕ್ಕೇ ಅಳು. ಅಂಬೆಗಾಲು, ನಿಲ್ಲೋದು ಕಲಿಯೋ ದಿನಗಳಲ್ಲೂ ನಿದ್ದೆ ಕೆಡುತ್ತೆ.

ಮೂರನೆಯದು ನಮ್ಮ ಊರಿಗೇ ಸೇರಿದ್ದು. 2017ರ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೋ ಹೋಗೋ ತಾಯಿ ಕೆಲಸಕ್ಕೆ ಮರಳೋದು ಕೂಸಿಗೆ ನಾಲ್ಕರಿಂದ ಆರು ತಿಂಗಳಾದಾಗ. ಹಗಲು ಸಿಗದ ಅಮ್ಮನನ್ನೂ ಹಾಲನ್ನೂ ಕೂಸು ರಾತ್ರಿ ಕೇಳುತ್ತೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಅನ್ನೋ ನಿಯಮ ಅದೇ ತಿದ್ದುಪಡಿಯಲ್ಲಿದೆ. ನಾಳೆ ಕೆಲಸಕ್ಕೆ ಸೇರೋ ನಾವು ಇದನ್ನು ನೆನಪಿಡಬೇಕು.

ಮಾಡೋದೇನು? ದಿನಾ ಒಂದೇ ಹೊತ್ತಿಗೆ ಮಲಗಿಸೋದು, ದೀಪ ತಗ್ಗಿಸೋದು, ಪೂರ್ತಿ ನಿದ್ದೆ ಹತ್ತೋ ಮುಂಚೆಯೇ ಹಾಸಿಗೆಗೆ ಬಿಡೋದು. ಜೋರು ಜ್ವರ ಬಂದ್ರೆ ಹಲ್ಲಿನ ಮೇಲೆ ಹಾಕಬೇಡಿ. ಉಸಿರಾಟದ ತೊಂದರೆ, ಹಾಲು ಬಿಟ್ಟಿರೋದು ಕಂಡರೂ ಡಾಕ್ಟರ್ ಹತ್ರ ಹೋಗಲೇಬೇಕು. ಇನ್ನು ನಾವು? ಓನರ್ ಹತ್ರ ದೂರು ಹೇಳೋ ಮುಂಚೆ, ಆ ಮನೆಯವರು ನಮಗಿಂತ ಕಡಿಮೆ ಮಲಗಿದ್ದಾರೆ ಅಂತ ನೆನೆಸಿಕೊಂಡರೆ ಸಾಕು.