ಗಾಡಿ ನಮ್ಮದು ಅಂದ್ಮೇಲೆ ಲೆಕ್ಕಾನೂ ನಮ್ಮದೇ: ಸೆಕೆಂಡ್ ಹ್ಯಾಂಡ್ ಬೈಕ್ ಸಾಕೋದು ಹೇಗೆ?

(ಈ ವಾರದ ಎಪಿಸೋಡ್‌ನ ಬರಹ ರೂಪ. ಕೇಳೋಕೆ ಟೈಮ್ ಇಲ್ಲದವರು ಓದ್ಕೊಳ್ಳಿ.)

ಇಯರ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತಾ ಇದನ್ನ ಕೇಳ್ತಿದ್ರೆ, ದಯವಿಟ್ಟು ಮೊದಲು ಸೈಡಿಗೆ ನಿಲ್ಲಿಸಿ. ಎಪಿಸೋಡ್ ಎಲ್ಲಿಗೂ ಓಡಿ ಹೋಗಲ್ಲ, ಮನೆಗೆ ಹೋಗಿ ಕೇಳಬಹುದು.

ಇವತ್ತಿನ ವಿಷಯ ಗಾಡಿ ಸಾಕೋದು. ಹೌದು, ಸಾಕೋದು ಅಂತಾನೇ ಹೇಳ್ತಿದ್ದೀನಿ. ಮೊದಲ ಕೆಲಸ ಸಿಕ್ಕಿ, ಒಂದಷ್ಟು ತಿಂಗಳ ಸಂಬಳ ಕೂಡಿಟ್ಟು, ಐವತ್ತು ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋರು ನಮ್ಮಲ್ಲಿ ತುಂಬಾ ಜನ. ತಗೊಂಡ ದಿನ ಖುಷಿ. ಮೂರನೇ ತಿಂಗಳಿಗೆ ಗ್ಯಾರೇಜಿನ ಮೊದಲ ಬಿಲ್. ಆರನೇ ತಿಂಗಳಿಗೆ 'ಇದಕ್ಕಿಂತ ಬಸ್ಸೇ ವಾಸಿ' ಅನ್ನೋ ಮಾತು. ಈ ಸಿಟ್ಟು ಎಲ್ಲಿಂದ ಬರುತ್ತೆ ಅಂತ ನೋಡಿದರೆ, ಹೆಚ್ಚಿನ ದೊಡ್ಡ ಬಿಲ್‌ಗಳ ಹಿಂದೆ ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಒಂದು ಸಣ್ಣ ಕೆಲಸ ಇರುತ್ತೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇರೋದು ಇಂಜಿನ್‌ನಲ್ಲಿ ಅಲ್ಲ, ಕಾಗದಪತ್ರದಲ್ಲಿ. ಎರಡನ್ನೂ ಒಂದೊಂದಾಗಿ ನೋಡೋಣ.

ಕಿಲೋಮೀಟರಿಗೆ ನಿಜವಾಗಿ ಎಷ್ಟು?

ಬಿ.ಕಾಂ. ಓದಿದ್ದಕ್ಕೆ ಮೊದಲು ಲೆಕ್ಕ. 'ನನ್ನ ಗಾಡಿ ಕಿಲೋಮೀಟರಿಗೆ ಎರಡು ರೂಪಾಯಿ' ಅಂತಾರಲ್ಲ, ಅದು ಬರೀ ಪೆಟ್ರೋಲ್ ಲೆಕ್ಕ. ಉದಾಹರಣೆಗೆ ವರ್ಷಕ್ಕೆ 10,000 ಕಿ.ಮೀ. ಓಡಿಸ್ತೀರಿ, ಲೀಟರಿಗೆ 50 ಕಿ.ಮೀ. ಮೈಲೇಜ್, ಲೆಕ್ಕ ಸುಲಭ ಆಗ್ಲಿ ಅಂತ ಪೆಟ್ರೋಲ್ 100 ರೂಪಾಯಿ ಅಂದ್ಕೊಳ್ಳಿ. 200 ಲೀಟರಿಗೆ 20,000 ರೂಪಾಯಿ.

ಈಗ ಉಳಿದದ್ದು ಸೇರಿಸಿ. ಮೂರು ಸಲ ಇಂಜಿನ್ ಆಯಿಲ್ 1,500. ಸರ್ವಿಸ್ ಕೂಲಿ 2,000. ಇನ್ಶೂರೆನ್ಸ್ 1,500. ಎರಡು ಟೈರ್‌ಗೆ 3,600 ಕೊಟ್ಟು ಮೂರು ವರ್ಷ ಓಡಿಸಿದರೆ ವರ್ಷಕ್ಕೆ 1,200. ಚೈನ್ ಸೆಟ್‌ಗೆ 1,500 ಕೊಟ್ಟು ಎರಡು ವರ್ಷ ಓಡಿಸಿದರೆ ವರ್ಷಕ್ಕೆ 750. ಬ್ರೇಕ್ ಶೂ, ಏರ್ ಫಿಲ್ಟರ್, ಪ್ಲಗ್, ಬಲ್ಬು ಎಲ್ಲ ಸೇರಿ 1,050. ಒಟ್ಟು 8,000. ಇದರ ಜೊತೆಗೆ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್. 50,000ಕ್ಕೆ ತಗೊಂಡ ಗಾಡಿಯನ್ನ ನಾಲ್ಕು ವರ್ಷ ಬಿಟ್ಟು 30,000ಕ್ಕೆ ಮಾರಿದ್ರೆ ವರ್ಷಕ್ಕೆ 5,000 ಕರಗಿತು. ಎಲ್ಲ ಕೂಡಿದರೆ 33,000, ಕಿಲೋಮೀಟರಿಗೆ 3 ರೂಪಾಯಿ 30 ಪೈಸೆ. ನಿಮ್ಮ ಊರು, ನಿಮ್ಮ ಗಾಡಿಗೆ ಅಂಕಿ ಬದಲಾಗುತ್ತೆ, ಲೆಕ್ಕದ ದಾರಿ ಇದೇ.

ಇದರಲ್ಲಿ ಗಮನಿಸಬೇಕಾದ್ದು ಆ 8,000. ಟೈರ್ ದಿನಾ ಸವೀತಾ ಇರುತ್ತೆ, ಬಿಲ್ ಮಾತ್ರ ಮೂರು ವರ್ಷಕ್ಕೊಮ್ಮೆ ಬರುತ್ತೆ. ಅದಕ್ಕೇ ಅದು 'ಇದ್ದಕ್ಕಿದ್ದಂತೆ ಬಂದ ಖರ್ಚು' ಅನ್ನಿಸೋದು. ಕಂಪನಿಗಳು ಇಂಥದ್ದಕ್ಕೆ ಮೊದಲೇ ದುಡ್ಡು ತೆಗೆದಿಡ್ತವೆ, ಪ್ರೊವಿಷನ್ ಅಂತಾರೆ. ನೀವೂ ಸಂಬಳ ಬಂದ ದಿನ 700 ರೂಪಾಯಿ ಬೇರೆ ಅಕೌಂಟಿಗೆ ಹಾಕಿ ಇಟ್ಬಿಡಿ. ಟೈರ್ ಹಾಕಿಸೋ ದಿನ ಸ್ನೇಹಿತರ ಹತ್ರ ಸಾಲ ಕೇಳೋದು ತಪ್ಪುತ್ತೆ.

ಮೈಲೇಜ್ ಬಿತ್ತು ಅಂದ್ರೆ ಯಾರನ್ನ ಬೈಬೇಕು?

ಮೊದಲು ಅಳೆಯೋದು ಕಲೀರಿ. ಬಂಕ್‌ನಲ್ಲಿ ಪೈಪ್ ತಾನಾಗೇ ಕಟ್ ಆಗೋವರೆಗೆ ಟ್ಯಾಂಕ್ ತುಂಬಿಸಿ, ಓಡೋಮೀಟರ್ ಫೋಟೋ ತೆಗೆದಿಡಿ. ಮುಂದಿನ ಸಲವೂ ಹಾಗೇ ತುಂಬಿಸಿ. ನಡುವೆ ಓಡಿದ್ದು 312 ಕಿ.ಮೀ., ಹಿಡಿದದ್ದು ಆರೂವರೆ ಲೀಟರ್ ಅಂದ್ರೆ ಮೈಲೇಜ್ 48. ಮೂರು ನಾಲ್ಕು ಸಲ ಬರೆದಿಟ್ಟರೆ ನಿಮ್ಮ ಗಾಡಿಯ ಸರಾಸರಿ ಸಿಗುತ್ತೆ.

ಈಗ ಎಲ್ಲರೂ ಬೈಯೋದು ಇ20 ಪೆಟ್ರೋಲನ್ನ. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇದಕ್ಕೆ ಚಾಲನೆ ಕೊಟ್ಟರು. ಇದರಲ್ಲಿ 20% ಎಥನಾಲ್ ಇರುತ್ತೆ. ಒಂದು ಲೀಟರ್ ಎಥನಾಲ್‌ನಲ್ಲಿ ಇರೋ ಶಕ್ತಿ, ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಭಾಗ. ಹಾಗಾಗಿ ಎಥನಾಲ್ ಬೆರೆಸದ ಪೆಟ್ರೋಲ್‌ಗೆ ಹೋಲಿಸಿದರೆ ಇ20ಯಲ್ಲಿ ಶಕ್ತಿ 6-7% ಕಡಿಮೆ. ಅಂದ್ರೆ 50 ಕೊಡ್ತಿದ್ದ ಗಾಡಿ 47ಕ್ಕೆ ಇಳಿದರೆ ಇಂಧನದ ಮೇಲೆ ಹೇಳಬಹುದು. 40ಕ್ಕೆ ಇಳಿದರೆ ಅದು ಬರೀ ಪೆಟ್ರೋಲ್ ತಪ್ಪಲ್ಲ. ಟೈರ್‌ನಲ್ಲಿ ಗಾಳಿ, ಬಿಗಿಯಾಗಿ ಹಿಡಿದಿರೋ ಬ್ರೇಕ್, ಒಣಗಿದ ಚೈನ್, ಧೂಳು ತುಂಬಿದ ಏರ್ ಫಿಲ್ಟರ್, ಇವನ್ನ ನೋಡಬೇಕು.

ನಾವೇ ಮಾಡ್ಕೊಳ್ಳಬಹುದಾದ ನಾಲ್ಕು ಕೆಲಸ

ಒಂದು, ಗಾಳಿ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಚೆಕ್ ಮಾಡಿ. ಎಷ್ಟಿರಬೇಕು ಅನ್ನೋದು ಗಾಡಿಯ ಪುಸ್ತಕದಲ್ಲಿ ಇರುತ್ತೆ. ಹಿಂದೆ ಒಬ್ಬರು ಕೂತರೆ ಬೇರೆ ಅಂಕಿ. ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕ ಮಡಚಿ ಮಡಚಿ ಬಿಸಿಯಾಗುತ್ತೆ, ಬೇಗ ಸವೆಯುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆಯೂ ಇರುತ್ತೆ. 2219 ಅಂತಿದ್ರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಇದನ್ನ ಓದಿ. 'ಟೈರ್ ಹೊಸದು ಸರ್' ಅನ್ನೋ ಮಾತು ಎಷ್ಟು ನಿಜ ಅಂತ ಅಲ್ಲೇ ಗೊತ್ತಾಗುತ್ತೆ.

ಎರಡು, ಚೈನ್. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಕೊಳೆ ಒರೆಸಿ ಲೂಬ್ ಹಾಕಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನ ಕೈಯಲ್ಲೇ ತಿರುಗಿಸಿ. ಇಂಜಿನ್ ಆನ್ ಮಾಡಿ ಗೇರ್ ಹಾಕಿ ಚೈನ್ ಒರೆಸೋ ವಿಡಿಯೋ ನೋಡಿರ್ತೀರಿ, ಅದನ್ನ ಮಾತ್ರ ಮಾಡಬೇಡಿ, ಬೆರಳು ಹೋಗುತ್ತೆ. ಚೈನ್ ಕವರ್ ಪೂರ್ತಿ ಮುಚ್ಚಿರೋ ಗಾಡಿಗಳಲ್ಲಿ ರಬ್ಬರ್ ಮುಚ್ಚಳದ ಒಂದು ತೂತು ಇರುತ್ತೆ. ಅಲ್ಲಿಂದ ಚೈನ್ ಎಷ್ಟು ಸಡಿಲ ಇದೆ ಅಂತ ಬೆರಳಲ್ಲಿ ನೋಡಬಹುದು. ಒಣ ಚೈನ್ ತಾನೂ ಸವೆದು ಸ್ಪ್ರಾಕೆಟ್ ಹಲ್ಲನ್ನೂ ತಿನ್ನುತ್ತೆ. ಆಮೇಲೆ ಚೈನ್ ಒಂದನ್ನೇ ಬದಲಾಯಿಸಿದರೆ ಸಾಲಲ್ಲ, ಇಡೀ ಸೆಟ್ ಹಾಕಿಸಬೇಕು.

ಮೂರು, ಆಯಿಲ್. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ ಅಂತ ಬೈಕಿಗೆ ಹಾಕಬೇಡಿ. ಗೇರ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರುಗುಣ ಹೆಚ್ಚಿಸೋ ವಸ್ತು ಬೆರೆಸಿರ್ತಾರೆ. ಅದರಿಂದ ಕ್ಲಚ್ ಜಾರೋಕೆ ಶುರುವಾಗುತ್ತೆ. ಡಬ್ಬಿಯ ಮೇಲೆ 'ಜಾಸೋ ಎಂಎ' ಅಥವಾ 'ಎಂಎ2' ಅಂತ ಇದೆಯಾ, ಗ್ರೇಡ್ ನಿಮ್ಮ ಪುಸ್ತಕದಲ್ಲಿರೋದೇನಾ ಅಂತ ನೋಡ್ಕೊಳ್ಳಿ. ಹಳೇ ಆಯಿಲ್ ಚರಂಡಿಗೆ ಸುರಿಯೋದು ಬೇಡ, ಗ್ಯಾರೇಜಿಗೆ ಕೊಟ್ಟುಬಿಡಿ.

ನಾಲ್ಕು, ಬ್ರೇಕ್. ಡ್ರಮ್ ಬ್ರೇಕ್ ಇದ್ದರೆ ಹಿಂದಿನ ಚಕ್ರದ ಹತ್ರ ಒಂದು ಸಣ್ಣ ಬಾಣ, ಅದರ ಎದುರು ಒಂದು ಗುರುತು ಇರುತ್ತೆ. ಪೆಡಲ್ ಪೂರ್ತಿ ಒತ್ತಿದಾಗ ಬಾಣ ಗುರುತಿಗೆ ಮುಟ್ಟಿದರೆ ಬ್ರೇಕ್ ಶೂ ಮುಗಿದಿದೆ ಅಂತ ಅರ್ಥ. ಇದನ್ನ ನೋಡೋಕೆ ಸ್ಪ್ಯಾನರ್ ಕೂಡ ಬೇಡ. ಬದಲಾಯಿಸೋ ಕೆಲಸ ಮಾತ್ರ ಕೈ ಪಳಗಿದವರಿಗೇ ಬಿಡಿ.

ಮೆಕ್ಯಾನಿಕ್ ಹತ್ರ ಮಾತಾಡೋದು

ಇಷ್ಟು ಗೊತ್ತಿದ್ದರೆ ಗ್ಯಾರೇಜಲ್ಲಿ ಮಾತೇ ಬೇರೆ ಆಗುತ್ತೆ. 'ಅಣ್ಣಾ, ಏನೋ ಸೌಂಡ್ ಬರ್ತಿದೆ, ನೋಡಿ' ಅನ್ನೋ ಬದಲು 'ಅಣ್ಣಾ, ಎರಡನೇ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚೈನ್ ಕಡೆಯಿಂದ ಕಟಕಟ ಅನ್ನುತ್ತೆ' ಅಂತ ಹೇಳಿದರೆ ಅವರ ಅರ್ಧ ಗಂಟೆ ಉಳಿಯುತ್ತೆ, ನಿಮ್ಮ ದುಡ್ಡೂ ಉಳಿಯುತ್ತೆ. ಕೆಲಸ ಶುರು ಮಾಡೋ ಮುಂಚೆ ಅಂದಾಜು ಕೇಳಿ. ತೆಗೆದ ಹಳೇ ಪಾರ್ಟ್ ವಾಪಸ್ ಕೇಳಿ. ಫೋನ್‌ನಲ್ಲಿ ಒಂದು ನೋಟ್ ಮಾಡಿ ದಿನಾಂಕ, ಕಿಲೋಮೀಟರ್, ಏನು ಹಾಕಿದ್ದು, ಎಷ್ಟಾಯ್ತು ಅಂತ ಬರೆದಿಡಿ. ಇದರಲ್ಲಿ ಅನುಮಾನದ ಪ್ರಶ್ನೆ ಇಲ್ಲ. ಒಳ್ಳೇ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಅಂದ್ರೆ ಇಷ್ಟವೇ. ಗಾಡಿ ಮಾರುವಾಗಲೂ ಆ ನೋಟ್‌ಗೆ ಬೆಲೆ ಇದೆ.

ನಿಜವಾದ ಅಪಾಯ ಕಾಗದದಲ್ಲಿ

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಜನ ಇದನ್ನ ಕೇಳಿ 'ಐದು ವರ್ಷ ಚಿಂತೆ ಇಲ್ಲ' ಅಂದ್ಕೊಳ್ತಾರೆ. ಆದರೆ ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಮುರಿದರೆ ಅದರಲ್ಲಿ ಒಂದು ರೂಪಾಯಿಯೂ ಬರಲ್ಲ. ಅದಕ್ಕೆ ಓನ್ ಡ್ಯಾಮೇಜ್ ಅನ್ನೋ ಬೇರೆ ಭಾಗ ಇದೆ. ಸಾಮಾನ್ಯವಾಗಿ ಅದನ್ನ ಒಂದೇ ವರ್ಷಕ್ಕೆ ಕೊಟ್ಟಿರ್ತಾರೆ. ಪಾಲಿಸಿ ತೆಗೆದು ಎರಡೂ ದಿನಾಂಕ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಐದು ವರ್ಷವೂ ಮುಗಿದಿರಬಹುದು.

ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ ದಂಡ 4,000. ಆದ್ರೆ ದಂಡ ಇಲ್ಲಿ ಸಣ್ಣ ವಿಷಯ. ನಿಮ್ಮ ಗಾಡಿ ಬಡಿದು ಒಬ್ಬರು ಕಾಲು ಕಳ್ಕೊಂಡರೆ, ಅವರ ವಯಸ್ಸು, ಸಂಪಾದನೆ ನೋಡಿ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತೆ. ಅದು ಲಕ್ಷಗಟ್ಟಲೆ ಆಗಬಹುದು. ಇನ್ಶೂರೆನ್ಸ್ ಇಲ್ಲ ಅಂದ್ರೆ ಅದು ಗಾಡಿ ಯಾರ ಹೆಸರಲ್ಲಿದೆಯೋ ಅವರ ತಲೆ ಮೇಲೆ ಬರುತ್ತೆ. 2022ರ ಜೂನ್‌ನಲ್ಲಿ ನಿಗದಿಯಾದ ದರದ ಪ್ರಕಾರ 75ರಿಂದ 150 ಸಿಸಿ ಬೈಕ್‌ಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ತೆರಿಗೆ ಬೇರೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

'ಯಾರ ಹೆಸರಲ್ಲಿದೆಯೋ' ಅಂದೆ, ಅದೂ ಮುಖ್ಯ. ಗಾಡಿ ಮಾರಿ, ಕೀ ಕೊಟ್ಟು, ದುಡ್ಡು ಎಣಿಸ್ಕೊಂಡ ಮಾತ್ರಕ್ಕೆ ಕೈ ತೊಳ್ಕೊಂಡ ಹಾಗಲ್ಲ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗೋವರೆಗೆ ಹೊಣೆ ನೋಂದಾಯಿತ ಮಾಲೀಕರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವರ್ಸಸ್ ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಕಾರು ಕೈಯಿಂದ ಕೈಗೆ ಹೋಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಮಾರಿದ್ರೆ ಫಾರಂ 29, ಫಾರಂ 30 ತುಂಬಿಸಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು. ತಗೊಂಡವರು ಇನ್ಶೂರೆನ್ಸನ್ನೂ ತಮ್ಮ ಹೆಸರಿಗೆ ಮಾಡಿಸ್ಕೊಳ್ಳಬೇಕು.

ಇನ್ನೊಂದು ಲಾಭದ ಮಾತು. ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತೆ, ನೋ ಕ್ಲೇಮ್ ಬೋನಸ್. ಮೊದಲ ವರ್ಷಕ್ಕೆ 20%, ಐದು ವರ್ಷಕ್ಕೆ 50%. ಅದು ಗಾಡಿಯದ್ದಲ್ಲ, ನಿಮ್ಮದು. ಹೊಸ ಗಾಡಿಗೆ ತಗೊಂಡು ಹೋಗಬಹುದು. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಅಷ್ಟೂ ಹೋಯ್ತು. ಹಾಗಾಗಿ ಇವತ್ತೇ ಫೋನ್‌ನಲ್ಲಿ ರಿಮೈಂಡರ್ ಹಾಕಿ, ಆರ್‌ಸಿ, ಇನ್ಶೂರೆನ್ಸ್ ಎರಡನ್ನೂ ಡಿಜಿಲಾಕರ್‌ಗೆ ಸೇರಿಸಿ.

ಇಷ್ಟೆಲ್ಲ ಯಾಕೆ?

ಇಷ್ಟು ತಲೆನೋವು ಇದ್ದೂ ಜನ ಗಾಡಿ ಬಿಡಲ್ಲ. ಬಸ್ಸು ಬರದ ಹೊತ್ತಲ್ಲಿ ಊರಿಗೆ ಹೊರಡಬಹುದು, ಅಮ್ಮನನ್ನ ರಾತ್ರಿ ಹನ್ನೊಂದಕ್ಕೂ ಆಸ್ಪತ್ರೆಗೆ ಕರ್ಕೊಂಡು ಹೋಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಗಾಡಿಯನ್ನ ಕೈಯಾರೆ ನೋಡ್ಕೊಂಡವರಿಗೆ ಇನ್ನೊಂದು ಸುಖಾನೂ ಇದೆ. ಅವರಿಗೆ ಗಾಡಿಯ ಮಾತು ಅರ್ಥ ಆಗುತ್ತೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀತಾ ಇದ್ದೀರಿ ಅಂದ್ಕೊಳ್ಳಿ. ಬ್ರೇಕ್ ಒಂದನ್ನೇ ಹಿಡ್ಕೊಂಡು ಇಳಿದರೆ ಡ್ರಮ್ ಬಿಸಿಯಾಗಿ ಹಿಡಿತ ಕಡಿಮೆ ಆಗುತ್ತೆ. ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡೋದಂತೂ ಬೇಡವೇ ಬೇಡ. ಹತ್ತುವಾಗ ಯಾವ ಗೇರ್ ಬೇಕಿತ್ತೋ ಅದೇ ಗೇರಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳೀರಿ. ಇಂಜಿನ್ನೇ ಗಾಡಿಯನ್ನ ಹಿಡಿದು ಇಳಿಸುತ್ತೆ. ಆ ಸದ್ದು, ತಿರುವಿನ ಮಂಜು, ಕೈಯಲ್ಲಿರೋ ನಂಬಿಕೆ, ಎಲ್ಲ ಸೇರಿದಾಗ ಚೈನ್ ಒರೆಸಿದ ಭಾನುವಾರಗಳ ನೆನಪಾಗಿ ಖುಷಿಯಾಗುತ್ತೆ.

ಕೊನೆಗೆ ಒಂದು ಸಲಹೆ. ನಮ್ಮಲ್ಲಿ ಎಷ್ಟೋ ಗಾಡಿಗಳಿಗೆ ಸರಿಯಾದ ಸ್ನಾನ ಆಗೋದು ಆಯುಧ ಪೂಜೆಗೆ ಮಾತ್ರ. ಈ ಸಲ ತೊಳೆಯುವಾಗ ಅದನ್ನೇ ವರ್ಷದ ಆಡಿಟ್ ಮಾಡ್ಕೊಳ್ಳಿ. ಆಯಿಲ್ ಜಿನುಗ್ತಿದೆಯಾ, ವೈರ್ ಸವೆದಿದೆಯಾ, ನಟ್ಟು ಸಡಿಲ ಆಗಿದೆಯಾ, ಎರಡು ಇನ್ಶೂರೆನ್ಸ್ ದಿನಾಂಕ ಯಾವಾಗ, ಎಲ್ಲ ಒಂದೇ ಸಲ ನೋಡಿ ನೋಟ್‌ನಲ್ಲಿ ಬರೆದಿಡಿ. ಆಮೇಲೆ ಹೂವು ಹಾಕಿ, ನಿಂಬೆಹಣ್ಣು ಇಡಿ, ಕುಂಬಳಕಾಯಿ ಒಡೀರಿ. ಒಡೆದ ಹೋಳು ಮಾತ್ರ ರಸ್ತೆಯಿಂದ ಎತ್ತಿ ಹಾಕಿ, ಹಿಂದೆ ಬರೋ ಇನ್ನೊಬ್ಬರ ಬೈಕ್ ಜಾರಬಾರದು.

ನಿಮ್ಮ ಗಾಡಿಯ ಕಿಲೋಮೀಟರ್ ಲೆಕ್ಕ ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಹೆಲ್ಮೆಟ್ ಬಕಲ್ ಹಾಕ್ಕೊಳ್ಳೋದು ಮರೀಬೇಡಿ.