ನಿಂತ ಫೋಟೊದಲ್ಲಿ ಏರುವ ಹೇಮಾವತಿ

ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನೂ ಸುತ್ತುವರಿಯಿತು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬುದು ಸುತ್ತಲಿನವರ ಮಾತು. ಮಳೆಗಾಲದಲ್ಲಿ ಅದು ನೀರಿನೊಳಗೆ, ಬೇಸಿಗೆಯಲ್ಲಿ ಒಣನೆಲದ ಮೇಲೆ. ನೀರು ಏರುವ ಆ ನೋಟವನ್ನು ಕಿರುಚಿತ್ರಕ್ಕೆ ತರಲು ತಿಂಗಳುಗಟ್ಟಲೆ ಕ್ಯಾಮೆರಾ ಹಿಡಿದು ಕಾಯಬೇಕಿಲ್ಲ. ಒಂದು ಒಳ್ಳೆಯ ಫೋಟೊ, ಒಂದು ಕಂಪ್ಯೂಟರ್, ಬೇಕಾದಷ್ಟು ತಾಳ್ಮೆ ಇದ್ದರೆ ಸಾಕು.

ಮೊದಲು ಕಟಿಂಗ್. ಹತ್ತಿರದ ಕಂಬ, ನಡುವಿನ ಗೋಡೆ, ಹಿಂದಿನ ಆಕಾಶ ಮೂರನ್ನೂ ಫೋಟೊಶಾಪ್‌ನಲ್ಲಿ ಬೇರೆ ಬೇರೆ ಲೇಯರ್ ಮಾಡಬೇಕು. ಕಂಬ ಎತ್ತಿದ ಕೂಡಲೇ ಅದರ ಹಿಂದೆ ಅದೇ ಆಕಾರದ ತೂತು ಉಳಿಯುತ್ತದೆ. ಕ್ಯಾಮೆರಾ ಕಾಣದೇ ಹೋದ ಆ ಗೋಡೆಯನ್ನು ಅಕ್ಕಪಕ್ಕದ ಇಟ್ಟಿಗೆ, ಪಾಚಿ, ಬಿರುಕುಗಳಿಂದ ಕ್ಲೋನ್ ಮಾಡಿ ಕಟ್ಟಬೇಕು. ಈ ಕಲೆಯ ಜೀವ ಇರುವುದೇ ಇಲ್ಲಿ. ಒಂದೇ ಬಿರುಕು ಎರಡು ಕಡೆ ಕಂಡರೆ, ಕಂಬದ ಅಂಚಿಗೆ ಆಕಾಶದ ಬಿಳಿ ಗೆರೆ ಅಂಟಿಕೊಂಡರೆ, ಗುಟ್ಟು ರಟ್ಟು.

ಬಳಿಕ ಅನಿಮೇಷನ್ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಲೇಯರ್‌ಗಳನ್ನು ಹಿಂದೆ ಮುಂದೆ ನಿಲ್ಲಿಸಿ ಕ್ಯಾಮೆರಾ ಸರಿಸಿದರೆ, ಬಸ್ಸಿನ ಕಿಟಕಿಯಲ್ಲಿ ಕಾಣುವ ತೆಂಗಿನ ಮರದ ಹಾಗೆ ಕಂಬ ಬೇಗ ಸಾಗುತ್ತದೆ, ಆಕಾಶ ಕದಲಿಯೂ ಕದಲದಂತಿರುತ್ತದೆ. ಚರ್ಚಿನ ಚಿತ್ರವನ್ನೇ ತಲೆಕೆಳಗು ಮಾಡಿ, ಮಸುಕಾಗಿಸಿ, ಅಲೆ ಕೊಟ್ಟರೆ ನೀರಿನ ಪ್ರತಿಬಿಂಬ. ನೀರಿನ ಗೆರೆ ಒಂದಿಂಚು ಏರಿದರೆ ಪ್ರತಿಬಿಂಬ ಎರಡಿಂಚು ಏರಬೇಕು, ಇಲ್ಲವಾದರೆ ಚರ್ಚ್ ತೇಲಿದಂತೆ ಕಾಣುತ್ತದೆ. ಸೆಕೆಂಡಿಗೆ 24 ಫ್ರೇಮ್‌ನಂತೆ 5 ಸೆಕೆಂಡಿಗೆ 120 ಫ್ರೇಮ್. ಅಷ್ಟಕ್ಕೂ ಮೂಲ ಒಂದೇ ಫೋಟೊ.

ಈ ದಾರಿ ಹಳೆಯದು. ಕೆನಡಾದ ‘ಸಿಟಿ ಆಫ್ ಗೋಲ್ಡ್’ (1957) ಚಿನ್ನದ ಬೆನ್ನು ಹತ್ತಿ ಹೋದವರ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾ ಓಡಿಸಿ ಒಂದು ಊರನ್ನು ಎಬ್ಬಿಸಿತು. ಫ್ರಾನ್ಸಿನ ಕ್ರಿಸ್ ಮಾರ್ಕರ್ ಅವರ 28 ನಿಮಿಷಗಳ ‘ಲಾ ಜೆಟೆ’ (1962) ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳದ್ದೇ. ನಮ್ಮಲ್ಲಿ 2009ರಲ್ಲಿ ತೀರಿಕೊಂಡ ನಟ ವಿಷ್ಣುವರ್ಧನ್ 2016ರ ‘ನಾಗರಹಾವು’ ಚಿತ್ರದಲ್ಲಿ ಗ್ರಾಫಿಕ್ಸ್ ಮೂಲಕ ಮತ್ತೆ ತೆರೆಗೆ ಬಂದರು.

ಅಂಥ ಗ್ರಾಫಿಕ್ಸ್‌ಗೆ ಬೇಕಾದಷ್ಟು ದೊಡ್ಡ ಬಂಡವಾಳ ಈ ಫೋಟೊ ಕೆಲಸಕ್ಕೆ ಬೇಡ. ಹೊಳೆನರಸೀಪುರ, ಅರಕಲಗೂಡಿನಂಥ ಊರುಗಳ ಸ್ಟುಡಿಯೊಗಳಲ್ಲಿ ಮದುವೆ ಆಲ್ಬಮ್ಮಿನ ಕಟಿಂಗ್, ವಿಡಿಯೊ ಮಿಕ್ಸಿಂಗ್ ದಿನನಿತ್ಯದ ಕೆಲಸ. ಬೇಕಿರುವುದು ಹಳೆಯ ಫೋಟೊಗಳು. ಹೇಮಾವತಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳ ಜಗಲಿ, ಬಾವಿಕಟ್ಟೆ, ತೇರಿನ ಬೀದಿ ಏನಾದರೂ ಉಳಿದಿದ್ದರೆ ಮನೆಮಂದಿಯ ಗುಂಪು ಫೋಟೊಗಳ ಹಿನ್ನೆಲೆಯಲ್ಲಿ ಉಳಿದಿರಬೇಕು. ಬೂಷ್ಟು ಹಿಡಿಯುವ ಮುನ್ನ ಅವನ್ನು ಸ್ಕ್ಯಾನ್ ಮಾಡಿಸಿಡಬೇಕು.

ಅಂಥ ಗುಂಪು ಫೋಟೊದಲ್ಲಿ ಅಜ್ಜನ ಚಿತ್ರವನ್ನು ಲೇಯರ್ ಮಾಡಿ ಎತ್ತಿದಾಗ ಹಿಂದಿನ ತೂತಿನಲ್ಲಿ ಯಾವುದೋ ಒಂದು ಗೋಡೆಯನ್ನು ಕಂಪ್ಯೂಟರ್ ಕ್ಷಣದಲ್ಲಿ ತುಂಬಿಕೊಡುತ್ತದೆ. ಅಲ್ಲಿದ್ದದ್ದು ಕೊಟ್ಟಿಗೆಯೋ ಕಣಜವೋ ಅದಕ್ಕೆ ತಿಳಿಯದು. ಅದನ್ನು ಹೇಳಬಲ್ಲವರು ಆ ಊರುಗಳಲ್ಲಿ ಬಾಳಿದ ಹಿರಿಯರು ಮಾತ್ರ. ಅವರ ಸಂಖ್ಯೆಯೂ ವರ್ಷವರ್ಷಕ್ಕೆ ಕರಗುತ್ತಿದೆ.