ಎಂಟರ ಜೊತೆ ನಾಲ್ಕು ಹಾಕಬಾರದೇ?

ಡೆಸ್ಕ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದೆ, ಪಕ್ಕದ ಸ್ಲಾಟ್ ಖಾಲಿ. 8 ಜಿಬಿಯದೊಂದು ಹಾಕಿಸೋಣವೆಂದರೆ ಸಿಗುವ ಉಪದೇಶ ಒಂದೇ: "ಸೈಜ್ ಬೇರೆಯಾದ್ರೆ ಆಗಲ್ಲ ಸಾರ್, ಹಳೇದು ತೆಗೆದು ಜೋಡಿ ಹಾಕಿಸಿ." ದೊಡ್ಡದೂ ಚಿಕ್ಕದರಷ್ಟೇ ಆಗಿಬಿಡುತ್ತದೆ ಎನ್ನುವವರೂ ಇದ್ದಾರೆ. ಎರಡೂ ಸುಳ್ಳು. ಪ್ರತಿ ರ‍್ಯಾಮಿನಲ್ಲೂ ತನ್ನ ಗಾತ್ರ, ವೇಗವನ್ನು ಹೇಳುವ ಪುಟ್ಟ ಚಿಪ್ ಇರುತ್ತದೆ. ಆನ್ ಮಾಡಿದಾಗ ಬಯಾಸ್ ಅದನ್ನು ಓದಿಕೊಂಡು 12 ಜಿಬಿ ಎಂದು ಲೆಕ್ಕ ಹಾಕುತ್ತದೆ.

ಹಾಗೆಂದು ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಸಾಗಿಸುವ ಡ್ಯುಯಲ್ ಚಾನಲ್ ಬಂದ ಹೊಸತರಲ್ಲಿ ಎರಡೂ ಕಡೆ ಗಾತ್ರ ಸಮ ಇರಲೇಬೇಕಿತ್ತು. 2004ರಲ್ಲಿ 915 ಚಿಪ್‌ಸೆಟ್ ಜೊತೆ ಇಂಟೆಲ್ 'ಫ್ಲೆಕ್ಸ್ ಮೆಮೊರಿ' ತಂದ ಮೇಲೆ ಆ ಕಟ್ಟುಪಾಡು ಸಡಿಲವಾಯಿತು. ಈಗ 8 ಮತ್ತು 4 ಹಾಕಿದರೆ ಎರಡರಿಂದಲೂ ನಾಲ್ಕು ನಾಲ್ಕು ಜಿಬಿ ಸೇರಿ 8 ಜಿಬಿ ಡ್ಯುಯಲ್ ಆಗಿ ಓಡುತ್ತದೆ, ಉಳಿದ 4 ಜಿಬಿ ಸಿಂಗಲ್ ಆಗಿ. ಡಿಡಿಆರ್4-3200ರಲ್ಲಿ ಒಂದು ಚಾನಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡಾದರೆ 51.2. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಗೇಮ್ ಆಡುವವರಿಗೆ ಈ ವ್ಯತ್ಯಾಸ ತಟ್ಟೀತು. ಟ್ಯಾಲಿ, ನುಡಿ, ಬ್ರೌಸರ್‌ನಲ್ಲೇ ದಿನ ಕಳೆಯುವವರಿಗೆ ಗೊತ್ತೂ ಆಗದು. ಅವರನ್ನು ಕಾಡುವುದು ರ‍್ಯಾಮ್ ಸಾಲದೆ ಕಂಪ್ಯೂಟರ್ ಮಾತುಮಾತಿಗೂ ಡಿಸ್ಕಿನತ್ತ ಓಡುವುದು. ಅಂಥವರಿಗೆ ಬೆಸ 12 ಜಿಬಿ, ಸಮವಾದ 8 ಜಿಬಿಗಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಗಾತ್ರಕ್ಕಿಂತ ವೇಗ ನೋಡಿ. 3200ರ ಜೊತೆ 2400 ಹಾಕಿದರೆ ಎರಡೂ 2400ರಲ್ಲೇ ಓಡುತ್ತವೆ. ಸುಟ್ಟುಹೋಗುವುದೇನಿಲ್ಲ, ಕೊಟ್ಟ ದುಡ್ಡಿಗೆ ತಕ್ಕ ವೇಗ ಸಿಗದು, ಅಷ್ಟೇ. ಡಿಡಿಆರ್4 ಮತ್ತು ಡಿಡಿಆರ್5 ಬೆರೆಸುವ ಮಾತು ಬೇಡ: ಎರಡಕ್ಕೂ 288 ಪಿನ್ ಇದ್ದರೂ ಕಚ್ಚಿನ ಜಾಗ ಬೇರೆ, ಸ್ಲಾಟಿಗೆ ಇಳಿಯುವುದೇ ಇಲ್ಲ.

ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡನ್ನು ಅಕ್ಕಪಕ್ಕ ಸಿಕ್ಕಿಸಿ, ಆಮೇಲೆ ಡ್ಯುಯಲ್ ಆಗಲಿಲ್ಲವೆಂದು ಗಾತ್ರವನ್ನು ದೂರುವವರು ಬಹಳ. ಹೆಚ್ಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಒಂದು ಜೋಡಿ, ಮ್ಯಾನುವಲ್ ನೋಡಿಕೊಳ್ಳಿ. ಹಾಕಿದ ಮೇಲೆ ಪರದೆ ಕಪ್ಪಾಗಿಯೇ ಇದ್ದರೆ ಮೊದಲು ವಿದ್ಯುತ್ ತೆಗೆದು, ಕ್ಲಿಪ್ 'ಟಕ್' ಎನ್ನುವವರೆಗೆ ಮತ್ತೆ ಒತ್ತಿ ಕೂರಿಸಿ. ಡಿಡಿಆರ್5 ಆದರೆ ಗಡಿಬಿಡಿ ಬೇಡ. ಹೊಸ ರ‍್ಯಾಮಿಗೆ ಹೊಂದಿಕೊಳ್ಳಲು ಮೊದಲ ಸಲ ಕೆಲವು ನಿಮಿಷವೇ ಹಿಡಿಯಬಹುದು.